ಹತ್ತು ತಾಲ್ಲೂಕಿಗೆ ಒಂದೇ ಸ್ಕ್ರಿಪ್ಟ್: ಸೋಲಾರ್ ಮಾಡೆಲಿಂಗ್ ಸಾಫ್ಟ್‌ವೇರ್‌ಗೆ ಇನ್‌ಪುಟ್ ಫೈಲ್ ತಯಾರಿಸುವ ಸಮಗ್ರ ಮಾರ್ಗದರ್ಶಿ

ತುಮಕೂರು ಜಿಲ್ಲೆಯಲ್ಲಿ ಸೋಲಾರ್ ಅಂದ ಕೂಡಲೇ ಎಲ್ಲರ ಬಾಯಿಗೂ ಬರುವುದು ಪಾವಗಡ. ತಿರುಮಣಿ, ವಳ್ಳೂರು ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಪಾರ್ಕ್ ಇದೆ. 2018ರಲ್ಲಿ ಮೊದಲ ಹಂತ ಶುರುವಾಯಿತು, 2019ರ ಕೊನೆಯ ಹೊತ್ತಿಗೆ ಪೂರ್ತಿಯಾಯಿತು. ರೈತರ ಜಮೀನನ್ನು ಕೊಳ್ಳದೆ ಗುತ್ತಿಗೆಗೆ ಪಡೆದು ಕಟ್ಟಿದ ಪಾರ್ಕ್ ಅದು. ಅಷ್ಟು ದೊಡ್ಡ ಕೆಲಸಕ್ಕೆ ಲೆಕ್ಕ ಹಾಕಲು ತಂಡಗಳೇ ಇರುತ್ತವೆ.

ಈ ಬರಹ ಆ ತಂಡಗಳಿಗಲ್ಲ. ತಿಪಟೂರಿನ ಎಣ್ಣೆ ಮಿಲ್ಲಿನ ಶೀಟಿನ ಮೇಲೆ, ಶಿರಾದ ಗೋದಾಮಿನ ಮೇಲೆ, ಮಧುಗಿರಿಯ ಶಾಲೆಯ ತಾರಸಿ ಮೇಲೆ ಎಷ್ಟು ಯುನಿಟ್ ಬರುತ್ತದೆ ಎಂದು ಒಬ್ಬರೇ ಕೂತು ಲೆಕ್ಕ ಹಾಕುವವರು ಇದ್ದಾರಲ್ವಾ, ಅವರಿಗೆ. ಪ್ರಾಜೆಕ್ಟ್ ಮಾಡುತ್ತಿರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ.

ಇವರ ದಿನದ ಕಷ್ಟ ನನಗೆ ಚೆನ್ನಾಗಿ ಗೊತ್ತು. ವೆಬ್‌ಸೈಟಿನಿಂದ ಹವಾಮಾನದ ಫೈಲ್ ಇಳಿಸಬೇಕು. ಎಕ್ಸೆಲ್‌ನಲ್ಲಿ ತೆಗೆದು ಬೇಡದ ಕಾಲಂ ಅಳಿಸಬೇಕು, ಬೇಕಾದ್ದನ್ನು ಹಿಂದೆ ಮುಂದೆ ಮಾಡಬೇಕು, ತಲೆಬರಹ ಬರೆಯಬೇಕು, ಸೇವ್ ಮಾಡಬೇಕು. ಒಂದೆರಡು ಜಾಗಕ್ಕಾದರೆ ಸರಿ. ಹತ್ತು ಜಾಗ, ಪ್ರತಿ ಜಾಗಕ್ಕೂ ಐದು ವರ್ಷ ಅಂದರೆ ಕೈ ತಪ್ಪೇ ತಪ್ಪುತ್ತದೆ. ತಪ್ಪಿದ್ದು ಗೊತ್ತಾಗುವುದೂ ಇಲ್ಲ. ಬಿಸಿಲಿನ ಅಂಕಿಗಳಿಂದ ಉತ್ಪಾದನೆ ಲೆಕ್ಕ ಹಾಕುವ ಮಾಡೆಲಿಂಗ್ ಸಾಫ್ಟ್‌ವೇರ್ ತನಗೆ ಕೊಟ್ಟ ಅಂಕಿಗಳನ್ನು ನಂಬುತ್ತದೆ. ಸಮಯ ಅರ್ಧ ಗಂಟೆ ಹಿಂದಾಗಿರಲಿ, ಗಾಳಿಯ ಒತ್ತಡ ಹತ್ತು ಪಟ್ಟು ಕಡಿಮೆಯಾಗಿರಲಿ, ಅದು ಒಂದು ನೀಟಾದ ವರದಿ ಕೊಡುತ್ತದೆ. ಆ ವರದಿ ಹಿಡಿದು ಒಬ್ಬರು ಬ್ಯಾಂಕಿಗೆ ಹೋಗಿ ಸಾಲ ಕೇಳುತ್ತಾರೆ. ಹಾಗಾಗಿ ಈ ಕೆಲಸವನ್ನು ಕೈಯ ಬದಲು ಒಂದು ಸ್ಕ್ರಿಪ್ಟ್, ಅಂದರೆ ಚಿಕ್ಕ ಪೈಥಾನ್ ಪ್ರೋಗ್ರಾಂ, ಮಾಡಲಿ. ಅದು ಫೈಲ್ ಬರೆದರೆ ಸಾಲದು. ಬರೆದ ಫೈಲನ್ನು ತಾನೇ ಪರೀಕ್ಷೆ ಮಾಡಿ, ಸರಿಯಿಲ್ಲದಿದ್ದರೆ ಅಲ್ಲೇ ನಿಲ್ಲಬೇಕು.

ಒಂದು ಸೂಚನೆ: ಇಲ್ಲಿ ಕಾಲಂ ಹೆಸರು, ಲೈಬ್ರರಿ ಹೆಸರು ಎಲ್ಲವನ್ನೂ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಸ್ಕ್ರಿಪ್ಟಿನೊಳಗೆ ಮಾತ್ರ ಅವು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು.

ಮೊದಲು ಏನೇನು ಬೇಕು

ಪೈಥಾನ್ ಇರಬೇಕು. ಜೊತೆಗೆ ಪಾಂಡಾಸ್, ರಿಕ್ವೆಸ್ಟ್ಸ್, ಪಿವಿಲಿಬ್ ಎಂಬ ಮೂರು ಲೈಬ್ರರಿ ಹಾಕಿಕೊಳ್ಳಿ. ಪಾಂಡಾಸ್ ಟೇಬಲ್ ಕೆಲಸಕ್ಕೆ, ರಿಕ್ವೆಸ್ಟ್ಸ್ ಡೇಟಾ ಇಳಿಸಲು, ಪಿವಿಲಿಬ್ ಸೂರ್ಯ ಯಾವ ಹೊತ್ತಿಗೆ ಎಲ್ಲಿರುತ್ತಾನೆ ಎಂದು ಲೆಕ್ಕ ಹಾಕಲು. ಮೂರೂ ಉಚಿತ. ಸಾಧಾರಣ ಲ್ಯಾಪ್‌ಟಾಪ್ ಸಾಕು, ಏಕೆಂದರೆ ಒಂದು ವರ್ಷದ ಗಂಟೆವಾರು ಫೈಲ್ ಅಂದರೆ 8,760 ಸಾಲು ಅಷ್ಟೇ.

ಮಾಡೆಲಿಂಗ್‌ಗೆ ಎರಡು ಸಾಫ್ಟ್‌ವೇರ್ ಇಟ್ಟುಕೊಂಡು ಹೇಳುತ್ತೇನೆ. ಒಂದು ಸ್ಯಾಮ್, ಅಂದರೆ ಸಿಸ್ಟಮ್ ಅಡ್ವೈಸರ್ ಮಾಡೆಲ್. ಅಮೆರಿಕದ ಎನ್‌ಆರ್‌ಇಎಲ್ ಪ್ರಯೋಗಾಲಯ (2025ರ ಕೊನೆಯಲ್ಲಿ ಅದರ ಹೆಸರು ಎನ್‌ಎಲ್‌ಆರ್ ಎಂದಾಯಿತು) ಬೆಳೆಸಿದ್ದು, ಉಚಿತವಾಗಿ ಸಿಗುತ್ತದೆ. ಇನ್ನೊಂದು ಸ್ವಿಟ್ಜರ್‌ಲೆಂಡಿನ ಪಿವಿಸಿಸ್ಟ್. ಅದಕ್ಕೆ ಲೈಸೆನ್ಸ್ ಕೊಳ್ಳಬೇಕು. ಬ್ಯಾಂಕು, ಹೂಡಿಕೆದಾರರು ಹೆಚ್ಚಾಗಿ ಪಿವಿಸಿಸ್ಟ್ ವರದಿ ಕೇಳುತ್ತಾರೆ. ಕಲಿಯುವವರು ಸ್ಯಾಮ್‌ನಿಂದ ಶುರು ಮಾಡುವುದು ಒಳ್ಳೆಯದು. ಅದರ ಇನ್‌ಪುಟ್ ಫೈಲನ್ನು ಸಾದಾ ಟೆಕ್ಸ್ಟ್ ಎಡಿಟರ್‌ನಲ್ಲೇ ತೆರೆದು ಓದಬಹುದು.

ಹಂತ 1: ಜಾಗಗಳ ಪಟ್ಟಿ

ಒಂದು ಚಿಕ್ಕ ಸಿಎಸ್‌ವಿ ಫೈಲ್ ಮಾಡಿ. ಪ್ರತಿ ಸಾಲಿನಲ್ಲಿ ಜಾಗದ ಹೆಸರು, ಅಕ್ಷಾಂಶ, ರೇಖಾಂಶ, ಸಮುದ್ರಮಟ್ಟದಿಂದ ಎತ್ತರ ಇರಲಿ. ತುಮಕೂರು ನಗರಕ್ಕೆ 13.34 ಮತ್ತು 77.10. ಪಾವಗಡ ಪಟ್ಟಣಕ್ಕೆ 14.10 ಮತ್ತು 77.28. ತಿಪಟೂರಿಗೆ 13.26 ಮತ್ತು 76.48. ಹೀಗೆ ಶಿರಾ, ಮಧುಗಿರಿ, ಕೊರಟಗೆರೆ, ಗುಬ್ಬಿ, ಚಿಕ್ಕನಾಯಕನಹಳ್ಳಿ, ತುರುವೇಕೆರೆ, ಕುಣಿಗಲ್ ಸೇರಿಸಿದರೆ ಹತ್ತು ತಾಲ್ಲೂಕೂ ಆಯಿತು. ನಿಜವಾದ ಕೆಲಸಕ್ಕೆ ತಾಲ್ಲೂಕು ಕೇಂದ್ರ ಬೇಡ, ಆ ಕಟ್ಟಡದ ಮೇಲೇ ನಿಂತು ಫೋನಿನಲ್ಲಿ ತೆಗೆದ ಅಂಕಿ ಹಾಕಿ.

ಅಕ್ಷಾಂಶ ಮತ್ತು ರೇಖಾಂಶ ಅದಲು ಬದಲಾಗುವುದು ತುಂಬಾ ಸಾಮಾನ್ಯ. 13 ಮತ್ತು 77ರ ಬದಲು 77 ಮತ್ತು 13 ಎಂದು ಕೊಟ್ಟರೆ ಉತ್ತರ ಧ್ರುವದ ಕಡೆ, ಸ್ವಾಲ್‌ಬಾರ್ಡ್ ದ್ವೀಪಗಳ ಪಕ್ಕದ ಸಮುದ್ರದ ಡೇಟಾ ಬರುತ್ತದೆ. ಹಾಗಾಗಿ ಸ್ಕ್ರಿಪ್ಟಿನ ಮೊದಲ ಸಾಲುಗಳಲ್ಲೇ ಒಂದು ತಡೆ ಹಾಕಿ: ಅಕ್ಷಾಂಶ 12.5ರಿಂದ 14.5ರ ಒಳಗೆ, ರೇಖಾಂಶ 76ರಿಂದ 79ರ ಒಳಗೆ ಇಲ್ಲದಿದ್ದರೆ ಮುಂದೆ ಹೋಗಬಾರದು. ಕೋಲಾರ, ಚಿಕ್ಕಬಳ್ಳಾಪುರಗಳಿಗೂ ಇದೇ ಮಿತಿ ಸಾಕಾಗುತ್ತದೆ.

ಹೆಸರಿನ ಬಗ್ಗೆ ಒಂದು ಮಾತು. ನಿಮ್ಮ ಪಟ್ಟಿಯಲ್ಲಿ ಕನ್ನಡದಲ್ಲೇ ಹೆಸರು ಇಟ್ಟುಕೊಳ್ಳಿ, ಓದಲು ಸುಲಭ. ಆದರೆ ಸಾಫ್ಟ್‌ವೇರ್‌ಗೆ ಹೋಗುವ ಫೈಲಿನ ಹೆಸರು ಮತ್ತು ಅದರೊಳಗಿನ ಊರಿನ ಹೆಸರಿಗೆ ಇಂಗ್ಲಿಷ್ ಅಕ್ಷರದ ಬೇರೆ ಕಾಲಂ ಇಡಿ. ಊರಿನ ಹೆಸರಿನಲ್ಲಿ ಅಲ್ಪವಿರಾಮ ಇರಲೇಬಾರದು. ಸಿಎಸ್‌ವಿಯಲ್ಲಿ ಅಲ್ಪವಿರಾಮ ಅಂದರೆ ಹೊಸ ಕಾಲಂ. 'ಶಿರಾ, ತುಮಕೂರು' ಎಂದು ಬರೆದರೆ ಅದರ ಮುಂದಿನ ಅಂಕಿಗಳೆಲ್ಲ ಒಂದು ಮನೆ ಆಚೆ ಸರಿದು, ಅಕ್ಷಾಂಶದ ಜಾಗದಲ್ಲಿ ದೇಶದ ಹೆಸರು ಕೂರುತ್ತದೆ.

ಹಂತ 2: ಬಿಸಿಲಿನ ಡೇಟಾ ಇಳಿಸಿಕೊಳ್ಳುವುದು

ಉಚಿತವಾಗಿ, ಸ್ಕ್ರಿಪ್ಟ್ ಮೂಲಕ ಇಳಿಸಲು ಸುಲಭವಾದ ಮೂಲಗಳು ಮೂರು. ನಾಸಾದ ಡೇಟಾ ತಾಣವಾದ ನಾಸಾ ಪವರ್‌ಗೆ ಕೀ, ಅಂದರೆ ನೋಂದಾಯಿಸಿ ಪಡೆಯುವ ಗುಪ್ತ ಸಂಕೇತ, ಬೇಕಾಗಿಲ್ಲ. 2001ರಿಂದ ಈಚೆಗಿನ ಗಂಟೆವಾರು ಬಿಸಿಲು ಅದರಲ್ಲಿ ಸಿಗುತ್ತದೆ. ಯುರೋಪಿಯನ್ ಕಮಿಷನ್ನಿನ ಪಿವಿಜಿಐಎಸ್‌ಗೂ ಕೀ ಬೇಡ. ಅದರ ಡೇಟಾ ಎಳೆಯುವ ಫಂಕ್ಷನ್‌ಗಳು ಪಿವಿಲಿಬ್‌ನಲ್ಲೇ ಇವೆ. ಎನ್‌ಆರ್‌ಇಎಲ್ ಬೆಳೆಸಿದ ಬಿಸಿಲಿನ ಡೇಟಾಬೇಸ್ ಎನ್‌ಎಸ್‌ಆರ್‌ಡಿಬಿಗೆ ಇಮೇಲ್ ಕೊಟ್ಟು ಕೀ ಪಡೆಯಬೇಕು. ಆ ಶ್ರಮಕ್ಕೆ ಬೆಲೆ ಇದೆ, ಯಾಕೆಂದು ಮುಂದೆ ಹೇಳುತ್ತೇನೆ.

ನಾಸಾ ಪವರ್ ಬಳಸುವವರು ಒಂದನ್ನು ತಿಳಿದಿರಬೇಕು. ಅದರ ಬಿಸಿಲಿನ ಡೇಟಾ 1 ಡಿಗ್ರಿ ಉದ್ದ, 1 ಡಿಗ್ರಿ ಅಗಲದ ಚೌಕಗಳಲ್ಲಿ ಇರುತ್ತದೆ. 1 ಡಿಗ್ರಿ ಅಂದರೆ ಹೆಚ್ಚು ಕಡಿಮೆ 110 ಕಿಲೋಮೀಟರ್. ನಮ್ಮ ಹತ್ತೂ ತಾಲ್ಲೂಕು ಕೇಂದ್ರಗಳು ಮೂರೇ ಚೌಕಗಳಲ್ಲಿ ಬರುತ್ತವೆ. ರೇಖಾಂಶ 77ಕ್ಕಿಂತ ಪಶ್ಚಿಮಕ್ಕೆ ಶಿರಾ, ಗುಬ್ಬಿ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ. ಪೂರ್ವಕ್ಕೆ ತುಮಕೂರು, ಮಧುಗಿರಿ, ಕೊರಟಗೆರೆ, ಕುಣಿಗಲ್. ಅಕ್ಷಾಂಶ 14ಕ್ಕಿಂತ ಮೇಲೆ ಪಾವಗಡ ಒಂದೇ. ಹಾಗಾಗಿ ಹತ್ತು ಫೈಲ್ ಇಳಿಸಿ 'ಹತ್ತು ತಾಲ್ಲೂಕಿನ ಬಿಸಿಲು ಹೋಲಿಸಿದೆ' ಎಂದರೆ ಅದರಲ್ಲಿ ಹುರುಳಿಲ್ಲ. ತಿಪಟೂರಿಗೂ ಶಿರಾಕ್ಕೂ ಅದೇ ಬಿಸಿಲು ಬಂದಿರುತ್ತದೆ. ಕಲಿಯಲು, ಒರಟು ಅಂದಾಜಿಗೆ ನಾಸಾ ಪವರ್ ಚೆನ್ನಾಗಿದೆ. ಊರಿಂದೂರಿಗೆ ಹೋಲಿಕೆ ಬೇಕೆಂದರೆ ಸಣ್ಣ ಚೌಕಗಳಿರುವ ಉಪಗ್ರಹ ಡೇಟಾ ತೆಗೆದುಕೊಳ್ಳಿ.

ಕೇಳಬೇಕಾದ ಅಂಶಗಳು ಇಷ್ಟು: ಸಮತಲದ ಮೇಲೆ ಬೀಳುವ ಒಟ್ಟು ಬಿಸಿಲು ಅಂದರೆ ಜಿಎಚ್‌ಐ, ಸೂರ್ಯನಿಂದ ನೇರ ಬರುವ ಡಿಎನ್‌ಐ, ಆಕಾಶದಿಂದ ಚದುರಿ ಬರುವ ಡಿಎಚ್‌ಐ, ಗಾಳಿಯ ತಾಪಮಾನ, ಗಾಳಿಯ ವೇಗ, ತೇವಾಂಶ, ಒತ್ತಡ. ಬಿಸಿಲಿನ ಮೂರರಲ್ಲಿ ಎರಡಿದ್ದರೆ ಸ್ಯಾಮ್ ಮೂರನೆಯದನ್ನು ಲೆಕ್ಕ ಹಾಕಿಕೊಳ್ಳುತ್ತದೆ. ನನ್ನ ಸಲಹೆ, ಮೂರನ್ನೂ ಇಳಿಸಿ. ಮೂರನೆಯದು ಪರೀಕ್ಷೆಗೆ ಬೇಕು.

ಸಮಯ ಯಾವ ಲೆಕ್ಕದಲ್ಲಿ ಬೇಕು ಎಂದು ಕೇಳುವ ಕಡೆ ಯಾವಾಗಲೂ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ, ಆರಿಸಿ. ನಾಸಾ ಪವರ್‌ನಲ್ಲಿ ನಾವು ಹೇಳದೇ ಇದ್ದರೆ ಸ್ಥಳೀಯ ಸೌರ ಸಮಯ ಎಂಬುದು ಬರುತ್ತದೆ. ಅದು ನಮ್ಮ ಗಡಿಯಾರದ ಸಮಯ ಅಲ್ಲ. ಇನ್ನು, ವರ್ಷದ ಡೇಟಾ ಕೇಳುವಾಗ ಹಿಂದಿನ ವರ್ಷದ ಡಿಸೆಂಬರ್ 31ರಿಂದಲೇ ಕೇಳಿ. ಯುಟಿಸಿಯಿಂದ ನಮ್ಮ ಸಮಯಕ್ಕೆ ತಂದಾಗ ಜನವರಿ 1ರ ಬೆಳಗಿನ ಜಾವದ ಗಂಟೆಗಳು ಆ ದಿನದಿಂದಲೇ ಬರಬೇಕು.

ಇಳಿಸಿದ ಮೂಲ ಫೈಲನ್ನು ಒಂದು ಫೋಲ್ಡರಿನಲ್ಲಿ ಹಾಗೇ ಇಟ್ಟುಬಿಡಿ, ಮುಟ್ಟಬೇಡಿ. ಸ್ಕ್ರಿಪ್ಟ್ ಎರಡನೇ ಸಲ ಓಡಿದಾಗ ಫೈಲ್ ಆಗಲೇ ಇದ್ದರೆ ಮತ್ತೆ ಇಳಿಸಬಾರದು. ಎರಡು ಕೋರಿಕೆಗಳ ನಡುವೆ ಒಂದೆರಡು ಸೆಕೆಂಡ್ ಬಿಡುವು ಕೊಡಿ. ಉಚಿತ ಸರ್ವರ್‌ಗಳನ್ನು ಎಲ್ಲರೂ ಹಂಚಿಕೊಳ್ಳುತ್ತೇವೆ.

ಹಂತ 3: ಗಂಟೆಯ ಲೆಕ್ಕ

ಇಡೀ ಕೆಲಸದಲ್ಲಿ ಹೆಚ್ಚು ಗಮನ ಬೇಕಾದ್ದು ಇಲ್ಲಿ. ಭಾರತದ ಸಮಯ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. ಆ ಅರ್ಧ ಗಂಟೆಯೇ ತೊಂದರೆ. ಇಂಟರ್‌ನೆಟ್ಟಿನಲ್ಲಿ ಸಿಗುವ ಮಾದರಿ ಸ್ಕ್ರಿಪ್ಟುಗಳು ಬಹುಪಾಲು ಪೂರ್ಣ ಗಂಟೆಯ ವ್ಯತ್ಯಾಸ ಇರುವ ದೇಶಗಳವರು ಬರೆದದ್ದು. ಪಿವಿಲಿಬ್‌ನಲ್ಲೂ ಪಿವಿಜಿಐಎಸ್‌ನ ಮಾದರಿ ವರ್ಷವನ್ನು (ಹಲವು ವರ್ಷಗಳಿಂದ ತಿಂಗಳುಗಳನ್ನು ಆರಿಸಿ ಜೋಡಿಸಿದ ವರ್ಷ) ಸ್ಥಳೀಯ ಸಮಯಕ್ಕೆ ಉರುಳಿಸುವ ಸೌಲಭ್ಯ ಪೂರ್ಣ ಗಂಟೆಯನ್ನಷ್ಟೇ ಕೇಳುತ್ತದೆ. ಅಲ್ಲಿ 5 ಅಥವಾ 6 ಹಾಕಿ ಮುಂದೆ ಹೋದರೆ ಅರ್ಧ ಗಂಟೆಯ ತಪ್ಪು ಫೈಲಿನಲ್ಲಿ ಉಳಿಯುತ್ತದೆ.

ಅರ್ಧ ಗಂಟೆ ತಪ್ಪಿದರೆ ಏನಾಗುತ್ತದೆ? ದಕ್ಷಿಣಕ್ಕೆ ಮುಖ ಮಾಡಿದ, ಕದಲದ ಪ್ಯಾನೆಲ್‌ಗೆ ವರ್ಷದ ಒಟ್ಟು ಮೊತ್ತದಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಬೆಳಗ್ಗೆ ಕಳೆದದ್ದು ಸಂಜೆ ಸೇರಿಕೊಳ್ಳುತ್ತದೆ. ಅದಕ್ಕೇ ಈ ತಪ್ಪು ವರ್ಷಗಟ್ಟಲೆ ಬಚ್ಚಿಟ್ಟುಕೊಂಡಿರುತ್ತದೆ. ಆದರೆ ಪಶ್ಚಿಮಕ್ಕೆ ಇಳಿಜಾರಾದ ಶೀಟಿನ ಮೇಲೆ, ಸೂರ್ಯನ ಹಿಂದೆ ತಿರುಗುವ ಟ್ರ್ಯಾಕರ್ ಮೇಲೆ, ಪಕ್ಕದ ಕಟ್ಟಡದ ನೆರಳು ಬೀಳುವ ಕಡೆ ಅದು ಹೊರಗೆ ಬರುತ್ತದೆ. ಇನ್ನೂ ಕೆಟ್ಟದ್ದು ಬೆಳಗಿನ ಮೊದಲ ಗಂಟೆಯಲ್ಲಿ ಆಗುತ್ತದೆ. ಸ್ಯಾಮ್ ಜಿಎಚ್‌ಐ ಮತ್ತು ಡಿಎಚ್‌ಐಗಳಿಂದ ಡಿಎನ್‌ಐ ಲೆಕ್ಕ ಹಾಕುವಾಗ ಸೂರ್ಯನ ಎತ್ತರದಿಂದ ಭಾಗಿಸಬೇಕು. ಫೈಲ್ ಪ್ರಕಾರ ಬಿಸಿಲು ಬಂದಿದೆ, ಸಾಫ್ಟ್‌ವೇರ್ ಪ್ರಕಾರ ಸೂರ್ಯ ಈಗಷ್ಟೇ ದಿಗಂತದಲ್ಲಿದ್ದಾನೆ. ತುಂಬಾ ಚಿಕ್ಕ ಅಂಕಿಯಿಂದ ಭಾಗಿಸಿದಾಗ ಡಿಎನ್‌ಐ ಆಕಾಶಕ್ಕೇರುತ್ತದೆ.

ಸರಿಪಡಿಸುವ ದಾರಿ ಹೀಗೆ. ಮೊದಲು ನಿಮ್ಮ ಮೂಲದಲ್ಲಿ ಒಂದು ಗಂಟೆಯ ಹಣೆಪಟ್ಟಿ ಆ ಗಂಟೆಯ ಶುರುವನ್ನು ಹೇಳುತ್ತದೋ, ನಡುವನ್ನೋ, ಕೊನೆಯನ್ನೋ ತಿಳಿದುಕೊಳ್ಳಿ. ಮೂಲದಿಂದ ಮೂಲಕ್ಕೆ ಇದು ಬೇರೆ. ಶುರುವನ್ನು ಹೇಳುತ್ತದೆ ಎಂದುಕೊಳ್ಳೋಣ. ಆಗ ಯುಟಿಸಿ 0 ಗಂಟೆಯ ಸಾಲು ಎಂದರೆ 0ಯಿಂದ 1ರವರೆಗಿನ ಸರಾಸರಿ. ನಮ್ಮ ಗಡಿಯಾರದಲ್ಲಿ ಅದು ಬೆಳಗ್ಗೆ 5:30ರಿಂದ 6:30. ಅದರ ಮಧ್ಯಬಿಂದು ಸರಿಯಾಗಿ 6:00.

ಸ್ಯಾಮ್ ಫೈಲಿನಲ್ಲಿ ನಿಮಿಷದ ಕಾಲಂ ಇದ್ದರೆ ಸ್ಯಾಮ್ ಆ ನಿಮಿಷಕ್ಕೇ ಸೂರ್ಯನ ಸ್ಥಾನ ಲೆಕ್ಕ ಹಾಕುತ್ತದೆ. ಕಾಲಂ ಇಲ್ಲದಿದ್ದರೆ ಗಂಟೆಯ ನಡು, ಅಂದರೆ 30ನೇ ನಿಮಿಷ ಎಂದುಕೊಳ್ಳುತ್ತದೆ. ಹಾಗಾಗಿ ನಾವು ಯುಟಿಸಿ ಗಂಟೆಗೆ 6 ಕೂಡಿಸಿ, ನಿಮಿಷದ ಕಾಲಂನಲ್ಲಿ 0 ಬರೆದು, ತಲೆಬರಹದ ಸಮಯವಲಯದಲ್ಲಿ 5.5 ಎಂದು ಹಾಕಿದರೆ ಸಾಕು. ಒಂದು ಅಂಕಿಯನ್ನೂ ಬದಲಿಸದೆ ಅರ್ಧ ಗಂಟೆ ಸರಿಹೋಗುತ್ತದೆ. ನಿಮಿಷದ ಕಾಲಂ ಬಿಟ್ಟುಬಿಟ್ಟರೆ ಮಾತ್ರ ಇದೆಲ್ಲ ವ್ಯರ್ಥ.

ಪಿವಿಸಿಸ್ಟ್‌ಗೆ ಕೊಡುವಾಗ ನಮ್ಮ ಗಡಿಯಾರದ ಪೂರ್ಣ ಗಂಟೆಗಳೇ ಇದ್ದರೆ ಒಳ್ಳೆಯದು. 6ರಿಂದ 7ರ ಬಿಸಿಲು ಬೇಕೆಂದರೆ 5:30–6:30 ಮತ್ತು 6:30–7:30ರ ಎರಡು ಸಾಲುಗಳಿಂದ ಅರ್ಧರ್ಧ ತೆಗೆದುಕೊಳ್ಳಬೇಕಾಗುತ್ತದೆ. ಸುಮ್ನೆ ಸರಾಸರಿ ಮಾಡಿದರೆ ಬೆಳಗ್ಗೆ, ಸಂಜೆ ತಪ್ಪಾಗುತ್ತದೆ, ಏಕೆಂದರೆ ಆಗ ಬಿಸಿಲು ಬೇಗ ಬೇಗ ಬದಲಾಗುತ್ತದೆ. ಬದಲಿಗೆ ಪ್ರತಿ ಸಾಲಿನ ಜಿಎಚ್‌ಐಯನ್ನು ಆ ಹೊತ್ತಿಗೆ ಮೋಡವಿಲ್ಲದ ಆಕಾಶದಲ್ಲಿ ಬರಬೇಕಾದ ಬಿಸಿಲಿನಿಂದ ಭಾಗಿಸಿ. ಆ ಅನುಪಾತವನ್ನು ಸರಾಸರಿ ಮಾಡಿ. ನಂತರ ಹೊಸ ಗಂಟೆಯ ಮೋಡವಿಲ್ಲದ ಬಿಸಿಲಿನಿಂದ ಗುಣಿಸಿ. ಮೋಡವಿಲ್ಲದ ಆಕಾಶದ ಲೆಕ್ಕ ಪಿವಿಲಿಬ್‌ನಲ್ಲಿ ಸಿದ್ಧವಾಗಿದೆ.

ಇಷ್ಟೆಲ್ಲ ಬೇಡ ಎನ್ನುವವರಿಗೆ ಎನ್‌ಎಸ್‌ಆರ್‌ಡಿಬಿಯ ಅರ್ಧ ಗಂಟೆಯ ಡೇಟಾ ಇದೆ. ಅಲ್ಲಿ ಐದೂವರೆ ಗಂಟೆ ಅಂದರೆ ಸರಿಯಾಗಿ 11 ಸಾಲು ಸರಿಸುವುದು. ಕೀ ಪಡೆಯುವ ಶ್ರಮಕ್ಕೆ ಬೆಲೆ ಇದೆ ಎಂದದ್ದು ಇದಕ್ಕೇ.

ಹಂತ 4: ನಡು ಹಗಲಿನ ಪರೀಕ್ಷೆ

ಗಂಟೆ ಸರಿಯಾಗಿದೆಯೇ ಎಂದು ಯಾವ ಕೈಪಿಡಿಯನ್ನೂ ನಂಬದೆ ನೀವೇ ನೋಡಬಹುದು. ಭಾರತದ ಗಡಿಯಾರ ರೇಖಾಂಶ 82.5ಕ್ಕೆ ಹೊಂದಿಸಿದ್ದು. ತುಮಕೂರು 77.1ರಲ್ಲಿದೆ. ವ್ಯತ್ಯಾಸ 5.4 ಡಿಗ್ರಿ. ಡಿಗ್ರಿಗೆ 4 ನಿಮಿಷದಂತೆ ನಮ್ಮಲ್ಲಿ ಸೂರ್ಯ ಸುಮಾರು 22 ನಿಮಿಷ ತಡವಾಗಿ ನೆತ್ತಿಗೆ ಬರುತ್ತಾನೆ. ಇದರ ಮೇಲೆ ಭೂಮಿಯ ಕಕ್ಷೆಯಿಂದಾಗಿ ವರ್ಷದಲ್ಲಿ ಸ್ವಲ್ಪ ಹಿಂದೆ ಮುಂದೆ ಆಗುತ್ತದೆ. ನವೆಂಬರ್ ಮೊದಲ ವಾರದಲ್ಲಿ ತುಮಕೂರಿನ ನಿಜವಾದ ನಡು ಹಗಲು 12:05ರ ಹೊತ್ತಿಗೆ, ಫೆಬ್ರವರಿ ನಡುವಿನಲ್ಲಿ 12:36ರ ಹೊತ್ತಿಗೆ. ವರ್ಷದ ಉಳಿದ ದಿನಗಳೆಲ್ಲ ಈ ಎರಡರ ನಡುವೆ.

ಈಗ ಸ್ಕ್ರಿಪ್ಟಿಗೆ ಹೇಳಿ: ಮೋಡವಿಲ್ಲದ ದಿನಗಳನ್ನು ಆರಿಸು. ಜನವರಿಯಿಂದ ಮಾರ್ಚ್‌ವರೆಗೆ ನಮ್ಮ ಕಡೆ ಅಂಥ ದಿನ ಬೇಕಾದಷ್ಟು ಸಿಗುತ್ತವೆ. ಪ್ರತಿ ದಿನದ ಬಿಸಿಲಿನ ತೂಕದ ಸರಾಸರಿ ಸಮಯ ತೆಗೆ. ಅಂದರೆ ಪ್ರತಿ ಗಂಟೆಯ ಮಧ್ಯಬಿಂದುವನ್ನು ಆ ಗಂಟೆಯ ಬಿಸಿಲಿನಿಂದ ಗುಣಿಸಿ, ಕೂಡಿಸಿ, ಒಟ್ಟು ಬಿಸಿಲಿನಿಂದ ಭಾಗಿಸುವುದು. ಬರುವ ಉತ್ತರ ಆ ದಿನದ ನಡು ಹಗಲಿಗೆ ಐದಾರು ನಿಮಿಷದೊಳಗೆ ಕೂಡಿಬರಬೇಕು.

ಉತ್ತರ 7:00ರ ಆಸುಪಾಸು ಬಂದರೆ ಫೈಲ್ ಇನ್ನೂ ಯುಟಿಸಿಯಲ್ಲೇ ಇದೆ. 18:00ರ ಆಸುಪಾಸು ಬಂದರೆ ಐದೂವರೆ ಗಂಟೆಯನ್ನು ಎರಡು ಸಲ ಕೂಡಿಸಿದ್ದೀರಿ. ಅರ್ಧ ಗಂಟೆ ಹಿಂದೆ ಅಥವಾ ಮುಂದೆ ಬಂದರೆ ಗಂಟೆಯ ಶುರು-ನಡು-ಕೊನೆ ಗೊಂದಲ, ಇಲ್ಲವೇ ನಿಮಿಷದ ಕಾಲಂ ತಪ್ಪು. ಇಡೀ ಸ್ಕ್ರಿಪ್ಟಿನಲ್ಲಿ ಒಂದೇ ಒಂದು ಪರೀಕ್ಷೆ ಇಡಲು ಅವಕಾಶವಿದ್ದರೆ ನಾನು ಇದನ್ನೇ ಇಡುತ್ತೇನೆ.

ಹಂತ 5: ಅಳತೆಗಳು, ಖಾಲಿ ಜಾಗಗಳು, ಫೆಬ್ರವರಿ 29

ನಾಸಾ ಪವರ್ ಒತ್ತಡವನ್ನು ಕಿಲೋಪ್ಯಾಸ್ಕಲ್‌ನಲ್ಲಿ ಕೊಡುತ್ತದೆ. ಸ್ಯಾಮ್‌ಗೆ ಮಿಲಿಬಾರ್ ಬೇಕು. ಹತ್ತರಿಂದ ಗುಣಿಸಿ. ತುಮಕೂರಿನ ಎತ್ತರಕ್ಕೆ ಸುಮಾರು 920 ಮಿಲಿಬಾರ್ ಬರಬೇಕು. 92 ಕಂಡರೆ ಗುಣಿಸುವುದು ಮರೆತಿದೆ. 1,010 ಕಂಡರೆ ಸಮುದ್ರಮಟ್ಟದ ಡೇಟಾ ಎಲ್ಲಿಂದಲೋ ಬಂದಿದೆ. ಬಿಸಿಲಿನ ಅಳತೆಯನ್ನೂ ನೋಡಿ. ನಾಸಾ ಪವರ್‌ನಲ್ಲಿ ಕೃಷಿಯವರಿಗಾಗಿ ಎಂದು ಆರಿಸಿದರೆ ಮೆಗಾಜೌಲ್‌ನಲ್ಲಿ ಬರುತ್ತದೆ. ನವೀಕರಿಸಬಹುದಾದ ಇಂಧನ ಎಂದು ಆರಿಸಿದರೆ ವ್ಯಾಟ್-ಅವರ್‌ನಲ್ಲಿ ಬರುತ್ತದೆ. ನಡು ಹಗಲಿಗೆ 3 ಎಂಬ ಅಂಕಿ ಕಂಡರೆ ಮೆಗಾಜೌಲ್, 850 ಕಂಡರೆ ಸರಿಯಾದದ್ದು.

ಡೇಟಾ ಇಲ್ಲದ ಕಡೆ -999 ಎಂದಿರುತ್ತದೆ. ಇತ್ತೀಚಿನ ತಿಂಗಳುಗಳಲ್ಲಿ ಇದು ಜಾಸ್ತಿ. ಅದನ್ನು ಅಂಕಿ ಎಂದು ಬಿಟ್ಟರೆ ತಿಂಗಳ ಮೊತ್ತವೇ ಹಾಳಾಗುತ್ತದೆ. ಓದುವಾಗಲೇ ಅದನ್ನು 'ಖಾಲಿ' ಎಂದು ಗುರುತಿಸಿ. ರಾತ್ರಿಯ ಖಾಲಿ ಜಾಗದಲ್ಲಿ ಬಿಸಿಲು 0. ಹಗಲಿನಲ್ಲಿ ಒಂದೆರಡು ಗಂಟೆ ಖಾಲಿ ಇದ್ದರೆ, ಮೇಲೆ ಹೇಳಿದ ಮೋಡವಿಲ್ಲದ ಆಕಾಶದ ಅನುಪಾತದಿಂದ ತುಂಬಬಹುದು. ಅದಕ್ಕಿಂತ ಉದ್ದದ ಖಾಲಿ ಇದ್ದರೆ ತುಂಬಲು ಹೋಗಬೇಡಿ. ಆ ವರ್ಷವನ್ನು ಬಿಟ್ಟು ಬೇರೆ ವರ್ಷ ತೆಗೆದುಕೊಳ್ಳಿ. ಹೇಗೆ ತುಂಬಿದರೂ ಎಷ್ಟು ಗಂಟೆ ತುಂಬಿದ್ದು ಎಂದು ಸ್ಕ್ರಿಪ್ಟ್ ಬರೆದಿಡಬೇಕು.

ಅಧಿಕ ವರ್ಷದಲ್ಲಿ 8,784 ಗಂಟೆ. 2016, 2020, 2024ರ ಡೇಟಾ ತೆಗೆದುಕೊಂಡರೆ ಫೆಬ್ರವರಿ 29ರ 24 ಸಾಲು ತೆಗೆಯಿರಿ. ಈ ಕೆಲಸವನ್ನು ಸಮಯ ಸರಿಸಿದ ಮೇಲೆ ಮಾಡಿ. ಮೊದಲೇ ಮಾಡಿದರೆ ಯುಟಿಸಿಯ 29 ಹೋಗಿ ನಮ್ಮ 29ರ ಒಂದಷ್ಟು ಗಂಟೆ ಉಳಿದುಕೊಳ್ಳುತ್ತದೆ.

ಹಂತ 6: ಸ್ಯಾಮ್ ಫೈಲ್ ಬರೆಯುವುದು

ಇದು ಸುಲಭ. ಮೊದಲ ಸಾಲಿನಲ್ಲಿ ತಲೆಬರಹದ ಹೆಸರುಗಳು: ಮೂಲ, ಜಾಗದ ಗುರುತು, ಊರು, ರಾಜ್ಯ, ದೇಶ, ಅಕ್ಷಾಂಶ, ರೇಖಾಂಶ, ಸಮಯವಲಯ, ಎತ್ತರ. ಎರಡನೇ ಸಾಲಿನಲ್ಲಿ ಅವುಗಳ ಬೆಲೆ. ಮೂರನೇ ಸಾಲಿನಲ್ಲಿ ಡೇಟಾ ಕಾಲಂಗಳ ಹೆಸರು: ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಜಿಎಚ್‌ಐ, ಡಿಎನ್‌ಐ, ಡಿಎಚ್‌ಐ, ತಾಪಮಾನ, ತೇವಾಂಶ, ಒತ್ತಡ, ಗಾಳಿಯ ವೇಗ. ನಾಲ್ಕನೇ ಸಾಲಿನಿಂದ 8,760 ಸಾಲು. ಗಂಟೆ 0ಯಿಂದ 23.

ಪಾಂಡಾಸ್‌ನಲ್ಲಿ ಮೊದಲ ಎರಡು ಸಾಲನ್ನು ಕೈಯಾರೆ ಬರೆದು, ನಂತರ ಟೇಬಲ್ಲನ್ನು ಅದೇ ಫೈಲಿಗೆ ಸೇರಿಸಿ. ಇಂಡೆಕ್ಸ್ ಕಾಲಂ ಬರೆಯಬೇಡ ಎಂದು ಹೇಳುವುದನ್ನು ಮರೆಯಬೇಡಿ. ದಶಮಾಂಶ ಎರಡು ಅಂಕಿ ಸಾಕು. ಫೈಲ್ ಬರೆದ ಮೇಲೆ ಅದನ್ನು ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಬೇಡಿ. ನೋಡಬೇಕಿದ್ದರೆ ನೋಟ್‌ಪ್ಯಾಡ್‌ನಲ್ಲಿ ನೋಡಿ.

ಹಂತ 7: ಪಿವಿಸಿಸ್ಟ್ ಫೈಲ್

ಪಿವಿಸಿಸ್ಟ್‌ನ ಸ್ಟ್ಯಾಂಡರ್ಡ್ ಫಾರ್ಮ್ಯಾಟ್ ಬೇರೆ ತರಹ. ಇಲ್ಲಿ ಕಾಲಂಗಳ ನಡುವೆ ಅಲ್ಪವಿರಾಮ ಅಲ್ಲ, ಅರ್ಧವಿರಾಮ. ಮೇಲಿನ ವಿವರದ ಸಾಲುಗಳೆಲ್ಲ ಹ್ಯಾಶ್ ಗುರುತಿನಿಂದ ಶುರುವಾಗುತ್ತವೆ: ಊರು, ದೇಶ, ಡೇಟಾ ಮೂಲ, ಸಮಯದ ಹೆಜ್ಜೆ, ಅಕ್ಷಾಂಶ, ರೇಖಾಂಶ, ಎತ್ತರ, ಸಮಯವಲಯ. ಆಮೇಲೆ ಕಾಲಂ ಹೆಸರಿನ ಸಾಲು, ಅದರ ಕೆಳಗೆ ಅಳತೆಗಳ ಸಾಲು, ನಂತರ ಡೇಟಾ. ಇಂಪೋರ್ಟ್ ಮಾಡಿದ ಮೇಲೆ ಪಿವಿಸಿಸ್ಟ್ ತಾನೇ ಮೋಡವಿಲ್ಲದ ದಿನಗಳ ಗ್ರಾಫ್ ಹಾಕಿ ಸಮಯ ಎಷ್ಟು ಸರಿದಿದೆ ಎಂದು ತೋರಿಸುತ್ತದೆ. ಬಹಳ ಜನ ಆ ಪುಟ ನೋಡದೆ ಮುಚ್ಚಿಬಿಡುತ್ತಾರೆ. ದಯವಿಟ್ಟು ನೋಡಿ. ನಿಮ್ಮ ನಡು ಹಗಲಿನ ಪರೀಕ್ಷೆಗೆ ಅದು ಎರಡನೇ ಸಾಕ್ಷಿ.

ಹಂತ 8: ಉಳಿದ ಪರೀಕ್ಷೆಗಳು

ಬರೆದ ಫೈಲನ್ನು ಸ್ಕ್ರಿಪ್ಟ್ ಮತ್ತೆ ಹೊಸದಾಗಿ ಓದಬೇಕು. ನೆನಪಿನಲ್ಲಿರುವ ಟೇಬಲ್ಲನ್ನು ಪರೀಕ್ಷಿಸಿದರೆ ಬರೆಯುವಾಗ ಆದ ತಪ್ಪು ಸಿಗುವುದಿಲ್ಲ.

ಸಾಲು 8,760 ಇದೆಯೇ? ಖಾಲಿ ಮನೆ ಇದೆಯೇ? ರಾತ್ರಿ ಬಿಸಿಲು 0 ಇದೆಯೇ? ಜಿಎಚ್‌ಐ ಎಲ್ಲಾದರೂ 1,361 ದಾಟಿದೆಯೇ? ವಾತಾವರಣದ ಹೊರಗೇ ಸರಾಸರಿ ಅಷ್ಟು ವ್ಯಾಟ್ ಇರುವುದು. ತಾಪಮಾನ 5 ಡಿಗ್ರಿಗಿಂತ ಕೆಳಗೆ ಅಥವಾ 45ಕ್ಕಿಂತ ಮೇಲೆ ಹೋಗಿದೆಯೇ? ಇವೆಲ್ಲ ಒಂದೊಂದು ಸಾಲಿನ ಪರೀಕ್ಷೆ.

ಸ್ವಲ್ಪ ಆಳದ ಪರೀಕ್ಷೆ ಒಂದಿದೆ. ಡಿಎನ್‌ಐಯನ್ನು ಸೂರ್ಯನ ನೆತ್ತಿಕೋನದ (ನೆತ್ತಿಯಿಂದ ಸೂರ್ಯ ಎಷ್ಟು ಡಿಗ್ರಿ ಕೆಳಗಿದ್ದಾನೆ ಎಂಬ ಕೋನ) ಕೊಸೈನ್‌ನಿಂದ ಗುಣಿಸಿ, ಡಿಎಚ್‌ಐ ಕೂಡಿಸಿದರೆ ಜಿಎಚ್‌ಐ ಬರಬೇಕು. ಸೂರ್ಯ 10 ಡಿಗ್ರಿಗಿಂತ ಮೇಲಿರುವ ಗಂಟೆಗಳಿಗೆ ಮಾತ್ರ ಇದನ್ನು ನೋಡಿ. ವ್ಯತ್ಯಾಸ ಬೆಳಗ್ಗೆ ಒಂದು ಕಡೆ, ಸಂಜೆ ಇನ್ನೊಂದು ಕಡೆ ವಾಲಿದ್ದರೆ ಗಂಟೆ ತಪ್ಪಿದೆ ಎಂದರ್ಥ. ಇಡೀ ದಿನ ಒಂದೇ ಕಡೆ ವಾಲಿದ್ದರೆ ಕಾಲಂ ಅದಲು ಬದಲಾಗಿದೆ ಅಥವಾ ಅಳತೆ ತಪ್ಪಿದೆ.

ಕೊನೆಗೆ ತಿಂಗಳ ಮೊತ್ತ. ನಮ್ಮ ಕಡೆ ಮಾರ್ಚ್, ಏಪ್ರಿಲ್‌ನಲ್ಲಿ ಬಿಸಿಲು ಹೆಚ್ಚು, ಮುಂಗಾರಿನ ಮೋಡದ ತಿಂಗಳುಗಳಲ್ಲಿ ಕಡಿಮೆ. ವರ್ಷದ ಸರಾಸರಿ ದಿನಕ್ಕೆ ಚದರ ಮೀಟರಿಗೆ 5ರಿಂದ 6 ಯುನಿಟ್. ಜುಲೈಯಲ್ಲಿ ಬಿಸಿಲು ಅತಿ ಹೆಚ್ಚು ಎಂದು ಫೈಲ್ ಹೇಳಿದರೆ ಅದು ತುಮಕೂರಿನ ಫೈಲ್ ಅಲ್ಲ.

ಹಂತ 9: ದಿಕ್ಕು, ಬೆಟ್ಟ, ತೆಂಗು, ಧೂಳು

ಹವಾಮಾನ ಬಿಟ್ಟು ಉಳಿದ ಇನ್‌ಪುಟ್‌ಗಳಲ್ಲಿ ಮೊದಲನೆಯದು ಪ್ಯಾನೆಲ್‌ನ ದಿಕ್ಕು. ಸ್ಯಾಮ್ ಮತ್ತು ಪಿವಿಲಿಬ್‌ನಲ್ಲಿ ಉತ್ತರ 0, ಪೂರ್ವ 90, ದಕ್ಷಿಣ 180. ಪಿವಿಸಿಸ್ಟ್ ಮತ್ತು ಪಿವಿಜಿಐಎಸ್‌ನಲ್ಲಿ ದಕ್ಷಿಣ 0, ಪೂರ್ವ -90, ಪಶ್ಚಿಮ 90. ನಿಮ್ಮ ಪಟ್ಟಿಯಲ್ಲಿ ಒಂದೇ ಪದ್ಧತಿ ಇಟ್ಟುಕೊಂಡು ಬರೆಯುವಾಗ ಸ್ಕ್ರಿಪ್ಟ್ 180 ಕಳೆಯಲಿ. ನಮ್ಮ ಅಕ್ಷಾಂಶದಲ್ಲಿ ಪ್ಯಾನೆಲ್ ಇಳಿಜಾರು ಕಡಿಮೆ, 13 ಡಿಗ್ರಿ ಆಸುಪಾಸು. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡು ಹಗಲಿನ ಸೂರ್ಯ ನಮಗಿಂತ ಉತ್ತರದಲ್ಲೇ ಇರುತ್ತಾನೆ. ಹಾಗಾಗಿ ದಿಕ್ಕು ಪೂರ್ತಿ ಉಲ್ಟಾ ಆದರೂ ಉತ್ತರ ಅಸಾಧ್ಯ ಎನಿಸುವುದಿಲ್ಲ. ಡಿಸೆಂಬರ್ ತಿಂಗಳ ಉತ್ಪಾದನೆ ನೋಡಿ, ಅಲ್ಲಿ ತಪ್ಪು ಎದ್ದು ಕಾಣುತ್ತದೆ.

ಮಧುಗಿರಿಯ ಬೆಟ್ಟದ ಬುಡದಲ್ಲೋ ದೇವರಾಯನದುರ್ಗದ ಕಡೆಯೋ ಕೆಲಸವಿದ್ದರೆ ದಿಗಂತದ ಫೈಲ್ ಬೇಕೇ ಬೇಕು. ಯಾವ ದಿಕ್ಕಿನಲ್ಲಿ ಬೆಟ್ಟ ಎಷ್ಟು ಡಿಗ್ರಿ ಎತ್ತರಕ್ಕೆ ಆಕಾಶ ಮುಚ್ಚುತ್ತದೆ ಎಂಬ ಎರಡು ಕಾಲಂನ ಪಟ್ಟಿ ಅದು. ಪಿವಿಜಿಐಎಸ್ ಇದನ್ನು ಕೊಡುತ್ತದೆ, ಪಿವಿಲಿಬ್‌ನಿಂದ ಕೇಳಬಹುದು. ಪಿವಿಲಿಬ್ ಅದನ್ನು ಉತ್ತರ 0 ಪದ್ಧತಿಗೆ ಬದಲಿಸಿಯೇ ಕೊಡುವುದರಿಂದ ಪಿವಿಸಿಸ್ಟ್‌ಗೆ ಬರೆಯುವಾಗ ಮತ್ತೆ 180 ಕಳೆಯಬೇಕು. ಬಂಡೆಯ ಪಕ್ಕದಲ್ಲೇ ಇರುವ ಮನೆಗೆ ಉಪಗ್ರಹದ ಎತ್ತರದ ನಕ್ಷೆ ಸಾಲದು. ಅಲ್ಲಿ ತಾರಸಿಯ ಮೇಲೆ ನಿಂತು ಫೋನಿನ ದಿಕ್ಸೂಚಿ, ಕೋನಮಾಪಕದಿಂದ ಅಳೆದ ಪಟ್ಟಿಯೇ ಮೇಲು.

ತಿಪಟೂರು, ತುರುವೇಕೆರೆ ಕಡೆ ತೆಂಗಿನ ಮರ ಯಾವ ದಿಗಂತದ ಫೈಲಿನಲ್ಲೂ ಬರುವುದಿಲ್ಲ. ದೂರದ ಬೆಟ್ಟ ಇಡೀ ಸಾಲು ಪ್ಯಾನೆಲ್‌ಗೆ ಒಮ್ಮೆಗೇ ನೆರಳು ಕೊಡುತ್ತದೆ. ಹತ್ತಿರದ ಮರ ಒಂದೆರಡು ಪ್ಯಾನೆಲ್‌ಗೆ ಕೊಡುತ್ತದೆ. ಲೆಕ್ಕವೇ ಬೇರೆ. ಅದನ್ನು ಸಾಫ್ಟ್‌ವೇರ್‌ನ ಮೂರು ಆಯಾಮದ ಚಿತ್ರದಲ್ಲೇ ಮಾಡಬೇಕು, ಸ್ಕ್ರಿಪ್ಟಿನಿಂದ ಆಗುವ ಕೆಲಸವಲ್ಲ.

ಧೂಳಿಗೆ ಹನ್ನೆರಡು ತಿಂಗಳಿಗೆ ಹನ್ನೆರಡು ಅಂಕಿ ಕೊಡಿ. ವರ್ಷಕ್ಕೊಂದೇ ಅಂಕಿ ಕೊಟ್ಟರೆ ಪಾವಗಡದ ಮಾರ್ಚಿಗೂ ಅಕ್ಟೋಬರ್‌ಗೂ ವ್ಯತ್ಯಾಸವೇ ಉಳಿಯುವುದಿಲ್ಲ. ಸ್ಯಾಮ್ ಇದನ್ನು ಶೇಕಡಾದಲ್ಲಿ ಕೇಳುತ್ತದೆ. 5 ಎಂದರೆ ಶೇಕಡಾ 5. ಅಲ್ಲಿ 0.05 ಎಂದು ಬರೆದರೆ ಧೂಳೇ ಇಲ್ಲ ಎಂದು ಹೇಳಿದಂತೆ.

ಪ್ಯಾನೆಲ್ ವಿವರವನ್ನು ಪಿವಿಸಿಸ್ಟ್‌ನ ಪ್ಯಾನ್ ಫೈಲಿನಿಂದ ಸ್ಯಾಮ್‌ಗೆ ತರುವವರು ತಾಪಮಾನದ ಗುಣಾಂಕಗಳನ್ನು, ಅಂದರೆ ಪ್ರತಿ ಡಿಗ್ರಿಗೆ ಕರೆಂಟ್, ವೋಲ್ಟೇಜ್ ಎಷ್ಟು ಬದಲಾಗುತ್ತದೆ ಎಂಬ ಅಂಕಿಗಳನ್ನು, ನೋಡಿಕೊಳ್ಳಿ. ಪ್ಯಾನ್ ಫೈಲಿನಲ್ಲಿ ಅವು ಮಿಲಿಆಂಪಿಯರ್, ಮಿಲಿವೋಲ್ಟ್‌ನಲ್ಲಿ ಇರುತ್ತವೆ. ಸ್ಯಾಮ್‌ನಲ್ಲಿರುವ ಸಿಇಸಿ ಎಂಬ ಪ್ಯಾನೆಲ್ ಮಾದರಿಗೆ ಆಂಪಿಯರ್, ವೋಲ್ಟ್ ಬೇಕು. 1,000ದಿಂದ ಭಾಗಿಸಿ.

ಹಂತ 10: ಎಲ್ಲ ಫೈಲನ್ನೂ ಒಮ್ಮೆಗೇ ಓಡಿಸುವುದು

ಸ್ಯಾಮ್‌ನಲ್ಲಿ ಒಂದು ಜಾಗಕ್ಕೆ ಕೈಯಿಂದ ಪೂರ್ತಿ ವಿನ್ಯಾಸ ಮಾಡಿ. ಆಮೇಲೆ ಕೋಡ್ ತಯಾರಿಸುವ ಮೆನುವಿನಲ್ಲಿ ಪೈಸ್ಯಾಮ್ ಜೇಸನ್ ಆರಿಸಿ. ಪ್ಯಾನೆಲ್, ಇನ್ವರ್ಟರ್, ನಷ್ಟಗಳು ಎಲ್ಲವೂ ಜೇಸನ್ ಎಂಬ ಬಗೆಯ ಟೆಕ್ಸ್ಟ್ ಫೈಲುಗಳಾಗಿ ಹೊರಬರುತ್ತವೆ. ಪೈಸ್ಯಾಮ್ ಎಂಬ ಲೈಬ್ರರಿ ಅದನ್ನು ಪೈಥಾನ್‌ನಲ್ಲಿ ಓದುತ್ತದೆ. ಹತ್ತು ಜಾಗಕ್ಕೆ ಲೂಪ್ ಹಾಕಿ, ಪ್ರತಿ ಸಲ ಹವಾಮಾನ ಫೈಲಿನ ದಾರಿ, ದಿಕ್ಕು, ಇಳಿಜಾರು, ಧೂಳಿನ ಪಟ್ಟಿ ಬದಲಿಸಿ, ಓಡಿಸಿ, ವರ್ಷದ ಉತ್ಪಾದನೆ ಬರೆದುಕೊಳ್ಳಿ. ನಮ್ಮ ಕಡೆ 1 ಕಿಲೋವ್ಯಾಟ್‌ಗೆ ದಿನಕ್ಕೆ ಸರಾಸರಿ 4 ಯುನಿಟ್ ಎಂದು ಕೆಲಸ ಮಾಡುವವರೆಲ್ಲ ಬಾಯಲ್ಲೇ ಹೇಳುತ್ತಾರೆ, ಅಂದರೆ ವರ್ಷಕ್ಕೆ ಸುಮಾರು 1,460. ನಿಮ್ಮ ಉತ್ತರ 900 ಅಥವಾ 2,200 ಬಂದರೆ ಹಿಂದಿನ ಹಂತಗಳಿಗೆ ಹೋಗಿ.

ಮೊದಲ ಜಾಗವನ್ನು ಮಾತ್ರ ಎರಡು ದಾರಿಯಲ್ಲೂ ಓಡಿಸಿ, ಒಮ್ಮೆ ಸ್ಯಾಮ್‌ನ ಕಿಟಕಿಯಲ್ಲಿ, ಒಮ್ಮೆ ಸ್ಕ್ರಿಪ್ಟಿನಲ್ಲಿ. ಎರಡೂ ಕಡೆ ಒಂದೇ ಆವೃತ್ತಿ ಇದ್ದರೆ ಉತ್ತರ ಕೂಡಿಬರಬೇಕು. ಬಾರದಿದ್ದರೆ ಜೇಸನ್‌ನಿಂದ ಯಾವುದೋ ಅಂಕಿ ಸ್ಕ್ರಿಪ್ಟಿಗೆ ಬಂದಿಲ್ಲ. ಉಳಿದ ಒಂಬತ್ತನ್ನು ಓಡಿಸುವ ಮೊದಲು ಅದನ್ನು ಹುಡುಕಿ.

ಹಂತ 11: ಜೊತೆಗಿಡುವ ಚೀಟಿ

ಪ್ರತಿ ಇನ್‌ಪುಟ್ ಫೈಲಿನ ಪಕ್ಕದಲ್ಲಿ ಅದೇ ಹೆಸರಿನ ಒಂದು ಟೆಕ್ಸ್ಟ್ ಫೈಲನ್ನು ಸ್ಕ್ರಿಪ್ಟೇ ಬರೆಯಲಿ. ಡೇಟಾ ಎಲ್ಲಿಂದ, ಯಾವ ದಿನ ಇಳಿಸಿದ್ದು, ಯಾವ ವರ್ಷದ್ದು, ಎಷ್ಟು ಗಂಟೆ ತುಂಬಿದ್ದು, ನಡು ಹಗಲಿನ ಪರೀಕ್ಷೆಯಲ್ಲಿ ಎಷ್ಟು ನಿಮಿಷ ವ್ಯತ್ಯಾಸ ಬಂತು, ಯಾವ ಲೈಬ್ರರಿಯ ಯಾವ ಆವೃತ್ತಿ ಬಳಸಿದ್ದು. ಯಾವುದಾದರೂ ಪರೀಕ್ಷೆ ಸೋತಿದ್ದರೆ ಇನ್‌ಪುಟ್ ಫೈಲನ್ನು ಅಂತಿಮ ಫೋಲ್ಡರಿಗೆ ಹಾಕಲೇಬಾರದು. 'ಸೋತವು' ಎಂಬ ಬೇರೆ ಫೋಲ್ಡರಿನಲ್ಲಿ ಚೀಟಿಯ ಜೊತೆ ಇರಲಿ. ಗ್ರಾಹಕರಿಗೆ ವರದಿ ಕೊಡುವಾಗ ಈ ಚೀಟಿಯನ್ನೂ ಕೊಡಿ. ಎರಡು ವರ್ಷದ ನಂತರ ಮೀಟರಿನ ಓದಿಗೂ ನಿಮ್ಮ ಅಂದಾಜಿಗೂ ಹೋಲಿಸಲು ಯಾರಾದರೂ ಕೂತಾಗ ಮೊದಲು ಕೇಳುವುದು ಬಿಸಿಲಿನ ಡೇಟಾ ಯಾವುದು ಎಂದೇ.